ಕ್ಯಾಂಪಿಂಗ್‌ನಲ್ಲಿ ಫೋಟೋ ಕೆಟ್ಟಾಗ: ಚಿತ್ರದಲ್ಲೇ ಕಾರಣ ಹುಡುಕುವ ಕೈಪಿಡಿ

ಟೆಂಟ್ ಹಾಕಿದ ಜಾಗದಲ್ಲಿ ರಿಪೇರಿ ಮಾಡುವವರಿರುವುದಿಲ್ಲ, ಬದಲಿ ಲೆನ್ಸ್ ಸಿಗುವುದಿಲ್ಲ, ಬೆಳಗಿನ ಒಳ್ಳೆಯ ಬೆಳಕು ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಫೋಟೋ ಸರಿಯಾಗಿ ಬರದಿದ್ದರೆ ಕಾರಣವನ್ನು ಅಲ್ಲೇ, ಆಗಲೇ ಹುಡುಕಿಕೊಳ್ಳಬೇಕು. ಹೊರಾಂಗಣದಲ್ಲಿ ಕ್ಯಾಮೆರಾ ನಿಜಕ್ಕೂ ಕೆಡುವುದು ಕಡಿಮೆ. ತೇವ, ಚಳಿ, ಗಾಳಿ, ದೂಳು, ಕೈ ಅಲುಗಾಟ ಇವೇ ಬಹುಪಾಲು ಕಾರಣ, ಮತ್ತು ಒಂದೊಂದೂ ಚಿತ್ರದ ಮೇಲೆ ತನ್ನದೇ ಗುರುತು ಬಿಡುತ್ತದೆ.

ಹಾಗಾಗಿ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಕೆಟ್ಟ ಚಿತ್ರವನ್ನು ಪರದೆಯ ಮೇಲೆ ಪೂರ್ತಿ ಹಿಗ್ಗಿಸಿ ನೋಡಿ. ಆ ಚಿತ್ರಕ್ಕೆ ಶಟರ್ ಸ್ಪೀಡ್ (ಬೆಳಕು ಒಳಬರುವ ಹೊತ್ತು), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಎಷ್ಟಿತ್ತು ಎಂದೂ ಗಮನಿಸಿ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ತೆಗೆದು ಹೋಲಿಸಿ. ಗಾಬರಿಯಲ್ಲಿ ಮೂರ್ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮರುದಿನ ಅದೇ ತೊಂದರೆ ಎದುರಾದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಇಡೀ ಚಿತ್ರ ಮಸುಕು, ದೀಪದ ಸುತ್ತ ಬೆಳಕು ಹರಡಿದೆ

ಮೊದಲು ಲೆನ್ಸಿನ ಗಾಜು ನೋಡಿ. ಫೋನ್ ಆಗಲಿ, ದೊಡ್ಡ ಕ್ಯಾಮೆರಾ ಆಗಲಿ, ಈ ಲಕ್ಷಣಕ್ಕೆ ಹೆಚ್ಚಾಗಿ ಕಾರಣ ಬೆರಳಿನ ಜಿಡ್ಡು. ಗಾಜನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಎಣ್ಣೆಯ ಪದರ ಕಾಣುತ್ತದೆ. ದೀಪಗಳಿಂದ ಒಂದೇ ದಿಕ್ಕಿಗೆ ಉದ್ದುದ್ದ ಗೆರೆ ಹೊರಟಿದ್ದರೆ ಯಾರೋ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿದ್ದಾರೆ, ಜಿಡ್ಡು ಗೆರೆಯಾಗಿ ಉಳಿದಿದೆ ಎಂದರ್ಥ.

ಒರೆಸುವ ಮೊದಲು ರಬ್ಬರ್ ಬ್ಲೋಯರ್‌ನಿಂದ ಗಾಳಿ ಊದಿ ಮರಳಿನ ಕಣ ಹಾರಿಸಿ. ನಂತರ ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಿಂದ, ನಡುವಿನಿಂದ ಅಂಚಿನ ಕಡೆಗೆ ಸುತ್ತುಸುತ್ತಾಗಿ ಒರೆಸಿ. ಕಣ ಕೂತಿರುವಾಗಲೇ ಉಜ್ಜಿದರೆ ಗಾಜಿನ ಲೇಪನದ ಮೇಲೆ ಗೀರು ಬೀಳುತ್ತದೆ, ಆ ಗೀರು ಹೋಗುವುದಿಲ್ಲ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ನಿವಾರಕ ಹಚ್ಚಿಕೊಂಡ ಕೈಯಿಂದ ಕ್ಯಾಮೆರಾ ಮುಟ್ಟಬೇಡಿ. ಅದು ಪ್ಲಾಸ್ಟಿಕ್ಕನ್ನೂ ಕೆಲವು ಬಗೆಯ ರಬ್ಬರನ್ನೂ ಕರಗಿಸಬಲ್ಲದು. ಹಿಡಿಕೆ ಅಂಟಂಟಾಗುವುದು, ಪರದೆಯ ಮೇಲೆ ಬೆರಳಚ್ಚು ಶಾಶ್ವತವಾಗಿ ಉಳಿಯುವುದು ಇದರಿಂದಲೇ.

ಗಾಜು ಶುಭ್ರವಾಗಿದ್ದೂ ಚಿತ್ರ ತೊಳೆದಂತೆ ಬಿಳುಚಿಕೊಂಡಿದ್ದರೆ ಸೂರ್ಯ ಎಲ್ಲಿದ್ದಾನೆ ನೋಡಿ. ಲೆನ್ಸಿನ ಪಕ್ಕದಲ್ಲಿ ಅಂಗೈ ಅಡ್ಡ ಹಿಡಿದು ಗಾಜಿನ ಮೇಲೆ ನೆರಳು ಬೀಳಿಸಿ. ತಕ್ಷಣ ಬಣ್ಣ ಗಾಢವಾದರೆ ಅದು ಓರೆ ಬಿಸಿಲಿನ ಫ್ಲೇರ್, ಲೆನ್ಸ್ ಹುಡ್ (ಲೆನ್ಸಿನ ಬಾಯಿಗೆ ನೆರಳು ಕೊಡುವ ಕವಚ) ಹಾಕಿದರೆ ಸಾಕು. ಮುಂದೆ ಅಗ್ಗದ ಫಿಲ್ಟರ್ ಇದ್ದರೆ ಅದನ್ನು ತೆಗೆದು ಒಮ್ಮೆ ಪರೀಕ್ಷಿಸಿ.

ಲೆನ್ಸ್ ಮೇಲೆ ಹಬೆ ಕಟ್ಟಿದೆ, ಒರೆಸಿದರೂ ಮತ್ತೆ ಕಟ್ಟುತ್ತದೆ

ಒರೆಸಿದ ಮರುಕ್ಷಣವೇ ಹಬೆ ಮತ್ತೆ ಬಂದರೆ ಗಾಜು ಸುತ್ತಲಿನ ಗಾಳಿಗಿಂತ ತಣ್ಣಗಿದೆ ಎಂದು ತಿಳಿಯಿರಿ. ಗಾಳಿಯಲ್ಲಿರುವ ತೇವ ತಣ್ಣನೆಯ ಮೇಲ್ಮೈ ಕಂಡಲ್ಲಿ ನೀರಾಗುತ್ತದೆ. ಗಾಜು ಬೆಚ್ಚಗಾಗುವ ತನಕ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ, ಉಜ್ಜಿ ಉಜ್ಜಿ ಲೇಪನ ಹಾಳಾಗುತ್ತದೆ ಅಷ್ಟೆ.

ಇದು ಎರಡು ಸಂದರ್ಭಗಳಲ್ಲಿ ಆಗುತ್ತದೆ. ಒಂದು, ತಣ್ಣಗಿನ ಕಡೆಯಿಂದ ಬೆಚ್ಚಗಿನ ಕಡೆಗೆ ಬಂದಾಗ: ಎಸಿ ಹಾಕಿದ ಕಾರಿನಿಂದ ಸೆಕೆಯ ಕಾಡಿಗೆ ಇಳಿದಾಗ, ಚಳಿಯಲ್ಲಿ ಫೋಟೋ ತೆಗೆದು ಜನ ತುಂಬಿದ ಟೆಂಟಿಗೆ ನುಗ್ಗಿದಾಗ. ಟೆಂಟಿನೊಳಗಿನ ಗಾಳಿಯಲ್ಲಿ ಉಸಿರಿನ ತೇವ ತುಂಬಿಕೊಂಡಿರುತ್ತದೆ, ಬೆಳಗ್ಗೆ ಒಳಗೋಡೆ ಒದ್ದೆಯಾಗಿರುವುದು ಅದರಿಂದಲೇ. ಪರಿಹಾರಕ್ಕೆ ಖರ್ಚಿಲ್ಲ. ಹೊರಗಿರುವಾಗಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ, ಮುಚ್ಚಿ, ಆಮೇಲೆ ಒಳಗೆ ತನ್ನಿ. ತೇವ ಚೀಲದ ಹೊರಮೈ ಮೇಲೆ ಕೂರುತ್ತದೆ. ಕ್ಯಾಮೆರಾ ಬೆಚ್ಚಗಾಗಲು ಒಂದೆರಡು ಗಂಟೆ ಬೇಕಾಗಬಹುದು, ಅಲ್ಲಿಯವರೆಗೆ ಚೀಲ ತೆರೆಯಬೇಡಿ. ಆ ದಿನದ ಚಿತ್ರಗಳನ್ನು ಕೂಡಲೇ ನೋಡುವ ಆತುರವಿದ್ದರೆ ಚೀಲಕ್ಕೆ ಹಾಕುವ ಮೊದಲೇ ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ.

ಇನ್ನೊಂದು, ನಿರಭ್ರ ರಾತ್ರಿಯ ಇಬ್ಬನಿ. ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖವನ್ನು ಬಾನಿಗೆ ಬಿಟ್ಟುಕೊಡುತ್ತಾ ಗಾಳಿಗಿಂತಲೂ ತಣ್ಣಗಾಗುತ್ತದೆ. ಚಿತ್ರದಲ್ಲಿ ಇದರ ಗುರುತು ಸ್ಪಷ್ಟ: ಮೊದಲ ಚಿತ್ರಗಳಲ್ಲಿ ನಕ್ಷತ್ರಗಳು ಚುಕ್ಕಿಯಂತೆ ಇರುತ್ತವೆ, ಬರಬರುತ್ತಾ ಒಂದೊಂದರ ಸುತ್ತಲೂ ಮಬ್ಬು ಬೆಳೆಯುತ್ತದೆ, ಕೊನೆಗೆ ಏನೂ ಕಾಣುವುದಿಲ್ಲ. ಹುಡ್ ಹಾಕಿದರೆ ಇಬ್ಬನಿ ಸ್ವಲ್ಪ ತಡವಾಗಿ ಕೂರುತ್ತದೆ. ಲೆನ್ಸಿನ ಸುತ್ತ ಕೈ ಬೆಚ್ಚಗಾಗಿಸುವ ಪೊಟ್ಟಣವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದರೆ ಅಥವಾ ಯುಎಸ್‌ಬಿಯಿಂದ ಬಿಸಿಯಾಗುವ ಪಟ್ಟಿ ಸುತ್ತಿದರೆ ಪೂರ್ತಿ ತಡೆಯಬಹುದು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಮಂದ ಟಾರ್ಚ್ ಹಿಡಿದು ಗಾಜು ನೋಡುತ್ತಿರಿ.

ಹಬೆ ಗಾಜಿನ ಒಳಬದಿಯಲ್ಲಿದ್ದರೆ ಅಲ್ಲಿಗೇ ನಿಲ್ಲಿಸಿ. ಕ್ಯಾಮೆರಾ ಆಫ್ ಮಾಡಿ, ಬ್ಯಾಟರಿ ತೆಗೆಯಿರಿ, ಲೆನ್ಸ್ ಬಿಚ್ಚಬೇಡಿ, ಜೂಮ್ ತಿರುಗಿಸಬೇಡಿ. ಜೂಮ್ ಹಿಂದೆ ಮುಂದೆ ಸರಿದಾಗ ಇನ್ನಷ್ಟು ತೇವದ ಗಾಳಿ ಒಳಗೆ ಹೋಗುತ್ತದೆ. ಒಣ ಜಾಗದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಮರುದಿನವೂ ಮಬ್ಬು ಉಳಿದಿದ್ದರೆ, ಹನಿಗಳು ಕಂಡರೆ, ಸರ್ವಿಸ್‌ಗೆ ಕೊಡಲೇಬೇಕು. ಒಳಗೆ ತೇವ ನಿಂತ ಲೆನ್ಸಿನಲ್ಲಿ ಬೂಸ್ಟು ಬೆಳೆಯುತ್ತದೆ, ಅದು ಗಾಜಿನ ಲೇಪನವನ್ನೇ ತಿನ್ನುತ್ತದೆ.

ಎಚ್ಚರಿಕೆ: ಕ್ಯಾಮೆರಾ ಒಣಗಿಸಲು ಅಥವಾ ಬೆಚ್ಚಗಾಗಿಸಲು ಟೆಂಟಿನೊಳಗೆ ಸ್ಟವ್ ಹಚ್ಚಬೇಡಿ, ಕೆಂಡ ತರಬೇಡಿ. ಹೊರಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಒಳಗಿರುವವರಿಗೆ ತಲೆನೋವು, ತಲೆಸುತ್ತು, ಓಕರಿಕೆ ಕಂಡರೆ ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತಂದು ತುರ್ತು ಸಹಾಯ ಕೇಳಿ. ಬಿಸಿಲಿನಲ್ಲಿ ಲೆನ್ಸಿನ ಬಾಯಿ ತೆರೆದಿಟ್ಟು ಒಣಗಿಸುವುದೂ ತಪ್ಪು. ಒಂದೆಡೆ ಕೇಂದ್ರೀಕರಿಸಿದ ಬಿಸಿಲು ಒಳಗಿನ ಭಾಗವನ್ನು ಸುಡಬಲ್ಲದು, ಬಿಚ್ಚಿಟ್ಟ ಲೆನ್ಸ್ ಒಣಹುಲ್ಲಿಗೆ ಬೆಂಕಿಯನ್ನೂ ಹಚ್ಚಬಲ್ಲದು.

ಚಿತ್ರ ಸ್ಪಷ್ಟವಾಗಿಲ್ಲ, ಆದರೆ ಗಾಜು ಶುಭ್ರವಾಗಿದೆ

ಅತಿ ಹೆಚ್ಚು ಗೊಂದಲ ಇಲ್ಲೇ. ಏಕೆಂದರೆ "ಬ್ಲರ್" ಎಂಬ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆಬೇರೆ ದೋಷಗಳನ್ನು ಹೇಳುತ್ತೇವೆ. ಪರಿಹಾರವೂ ಬೇರೆಬೇರೆ. ಹಿಗ್ಗಿಸಿದ ಚಿತ್ರದಲ್ಲಿ ಹೀಗೆ ಓದಿ.

ಎಲ್ಲವೂ, ಕಲ್ಲು ಮರ ಸಮೇತ, ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕ್ಯಾಮೆರಾ ಅಲುಗಿದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಸ್ಪೀಡ್ ಕನಿಷ್ಠ "ಒಂದರ ಕೆಳಗೆ ಫೋಕಲ್ ಲೆಂಗ್ತ್" ಇರಲಿ (ಫೋಕಲ್ ಲೆಂಗ್ತ್ ಎಂದರೆ ಲೆನ್ಸ್ ಮೇಲೆ ಮಿ.ಮೀ. ಲೆಕ್ಕದಲ್ಲಿ ಬರೆದಿರುವ ಅಳತೆ): 200 ಮಿ.ಮೀ. ಲೆನ್ಸಿಗೆ 1/200 ಸೆಕೆಂಡ್. ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಗ್ರಹಿಸುವ ಚಿಪ್) ಚಿಕ್ಕದು, ದೃಶ್ಯವನ್ನು ಒಂದೂವರೆ ಪಟ್ಟು ಹಿಗ್ಗಿಸಿದಂತೆ ತೋರಿಸುವ 1.5 ಕ್ರಾಪ್ ಎಂದಾದರೆ ಅದೇ ಲೆನ್ಸಿಗೆ 1/300 ಬೇಕು. ಸ್ಪೀಡ್ ಸಾಲದಿದ್ದರೆ ಐಎಸ್ಒ ಏರಿಸಲು ಹಿಂಜರಿಯಬೇಡಿ. ಕಾಳುಕಾಳಾದರೂ ಸ್ಪಷ್ಟವಾಗಿರುವ ಚಿತ್ರವನ್ನು ಮನೆಗೆ ಬಂದು ಸುಧಾರಿಸಬಹುದು, ಅಲುಗಿದ ಚಿತ್ರಕ್ಕೆ ಉಪಾಯವಿಲ್ಲ.

ಬಂಡೆ ಸ್ಪಷ್ಟವಾಗಿದ್ದು ಎಲೆ, ಹೂವು, ಹಕ್ಕಿಯ ರೆಕ್ಕೆ ಮಾತ್ರ ಮಸುಕಾಗಿದ್ದರೆ ಕ್ಯಾಮೆರಾ ನೆಟ್ಟಗಿತ್ತು, ಚಲಿಸಿದ್ದು ವಸ್ತು. ಲೆನ್ಸಿನ ಸ್ಟೆಬಿಲೈಸೇಷನ್ ಇದಕ್ಕೆ ನೆರವಾಗದು, ಅದು ತಡೆಯುವುದು ಕೈಯ ನಡುಕವನ್ನು ಮಾತ್ರ. ಹಾರುವ ಹಕ್ಕಿಗೆ 1/1000ದಿಂದ 1/2000 ಸೆಕೆಂಡ್ ಬೇಕಾಗುತ್ತದೆ. ಗಾಳಿಗೆ ಅಲ್ಲಾಡುವ ಹೂವಿಗೆ ಗಾಳಿ ನಿಂತ ಗಳಿಗೆಗಾಗಿ ಕಾಯುವುದೇ ಒಳ್ಳೆಯದು. ಮುಂಜಾನೆ ಗಾಳಿ ಸಾಮಾನ್ಯವಾಗಿ ಕಡಿಮೆ.

ವಸ್ತು ಮಸುಕಾಗಿದ್ದು ಅದರ ಮುಂದಿನ ಹುಲ್ಲೋ ಹಿಂದಿನ ಕೊಂಬೆಯೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಕ್ಯಾಮೆರಾ ತಾನಾಗಿ ಹತ್ತಿರದ ಹುಲ್ಲನ್ನು ಆರಿಸಿಕೊಂಡಿರುತ್ತದೆ. ಒಂದೇ ಫೋಕಸ್ ಬಿಂದು ಆಯ್ದು ಹಕ್ಕಿಯ ಕಣ್ಣಿನ ಮೇಲಿಡಿ. ಫೋಕಸ್ ಆಗುವುದೇ ಇಲ್ಲವೆಂದರೆ ಎರಡು ಸುಲಭ ಪರೀಕ್ಷೆ: ಲೆನ್ಸ್ ಮೇಲಿನ ಗುಂಡಿ ಚೀಲದೊಳಗೆ ಉಜ್ಜಿ ಮ್ಯಾನುವಲ್‌ಗೆ (ಕೈಯಿಂದ ಫೋಕಸ್ ಮಾಡುವ ಸ್ಥಿತಿಗೆ) ಸರಿದಿದೆಯೇ ನೋಡಿ, ಆಮೇಲೆ ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ. ಪ್ರತಿ ಲೆನ್ಸಿಗೂ ಕನಿಷ್ಠ ಫೋಕಸ್ ದೂರವಿದೆ, ಹೂವಿಗೆ ಅದಕ್ಕಿಂತ ಹತ್ತಿರ ಹೋದರೆ ಅದು ಹಿಡಿಯುವುದಿಲ್ಲ.

ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ಮಸುಕು, ತೆಗೆದ ಚಿತ್ರ ಮಾತ್ರ ಸರಿ ಎಂದಾದರೆ ಅದನ್ನು ನಿಮ್ಮ ದೃಷ್ಟಿಗೆ ಹೊಂದಿಸುವ, ಕಣ್ಣಿನ ಬಳಿಯ ಡಯಾಪ್ಟರ್ ಚಕ್ರ ತಿರುಗಿದೆ. ವ್ಯೂಫೈಂಡರಿನೊಳಗಿನ ಅಕ್ಷರಗಳು ಸ್ಪಷ್ಟವಾಗುವವರೆಗೆ ಚಕ್ರವನ್ನು ತಿರುಗಿಸಿದರಾಯಿತು.

ಕೊನೆಯದು ಬಹಳ ಜನರಿಗೆ ಹೊಳೆಯದ ಕಾರಣ. ಹತ್ತಿರದ ಚಿತ್ರಗಳು ಚೆನ್ನಾಗಿವೆ, ಶಟರ್ ಸ್ಪೀಡ್ ಸಾಕಷ್ಟಿದೆ, ಆದರೂ ದೂರದ ಪ್ರಾಣಿ, ದೂರದ ಬೆಟ್ಟ ಮೆತ್ತಮೆತ್ತಗೆ ಕಾಣುತ್ತವೆ, ಅದೂ ಒಂದೊಂದು ಚಿತ್ರದಲ್ಲಿ ಒಂದೊಂದು ರೀತಿ. ಇದು ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿಯ ಅಲೆ. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಹೋಗುವುದಿಲ್ಲ. ಬೆಳಗ್ಗೆ ಬೇಗ ತೆಗೆಯಬೇಕು, ಇಲ್ಲವೇ ಹತ್ತಿರದ ವಸ್ತು ಆರಿಸಿಕೊಳ್ಳಬೇಕು. ಲೆನ್ಸ್ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಮುಂಜಾನೆ ಒಮ್ಮೆ, ಕ್ಯಾಮೆರಾವನ್ನು ಟ್ರೈಪಾಡ್ (ಮೂರು ಕಾಲಿನ ಸ್ಟ್ಯಾಂಡ್) ಮೇಲಿಟ್ಟು ಇಪ್ಪತ್ತು ಅಡಿ ದೂರದ ಮರದ ತೊಗಟೆಯ ಫೋಟೋ ತೆಗೆದು ನೋಡಿ. ಅಲ್ಲೂ ಒಂದು ಬದಿ ಮಾತ್ರ ಸದಾ ಮಸುಕಾಗಿದ್ದರೆ ಲೆನ್ಸ್ ಒಳಗಿನ ಗಾಜು ಓರೆಯಾಗಿರುವ ಸಾಧ್ಯತೆಯಿದೆ, ಅದು ಸರ್ವಿಸ್ ಕೆಲಸ.

ಟ್ರೈಪಾಡ್ ಇದ್ದರೂ ಅಲುಗಿದೆ

ಬೆರಳೇ ಮೊದಲ ಶಂಕಿತ. 2 ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ಸ್ಟೆಬಿಲೈಸೇಷನ್ ಆಫ್ ಮಾಡಿ ನೋಡಿ, ಕೆಲವು ಲೆನ್ಸುಗಳಲ್ಲಿ ಅದು ಇಲ್ಲದ ನಡುಕವನ್ನು ಹುಡುಕುತ್ತಾ ತಾನೇ ಅಲುಗಿಸುತ್ತದೆ. ನಡುಕಂಬ ಇಳಿಸಿ, ಗಾಳಿಗೆ ಹಾರಾಡುವ ಕುತ್ತಿಗೆ ಪಟ್ಟಿ ಬಿಚ್ಚಿ. ನಡುಕಂಬದ ಕೊಕ್ಕೆಗೆ ಚೀಲ ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ, ಇಲ್ಲವಾದರೆ ಚೀಲವೇ ತೂಗಾಡಿ ಕೆಡಿಸುತ್ತದೆ. ಮರದ ಸೇತುವೆ, ಹಲಗೆ ಹಾಸಿನ ಮೇಲೆ ಜೊತೆಯವರು ನಡೆದಾಡುವಾಗ ದೀರ್ಘ ಎಕ್ಸ್‌ಪೋಷರ್ (ಶಟರ್ ಹೆಚ್ಚು ಹೊತ್ತು ತೆರೆದಿಡುವುದು) ಆಗದು.

ಹಿಮ, ಮಂಜು ಬೂದಿಬಣ್ಣ; ದಟ್ಟ ಕಾಡು ಬೆಳ್ಳಗೆ

ಕ್ಯಾಮೆರಾದ ಮೀಟರ್ (ಬೆಳಕು ಅಳೆಯುವ ಭಾಗ) ಎಲ್ಲವನ್ನೂ ನಡುಮಟ್ಟದ ಬೂದಿಬಣ್ಣಕ್ಕೆ ತರಲು ನೋಡುತ್ತದೆ. ಬೆಳ್ಳಗಿನ ದೃಶ್ಯ ಕಂಡರೆ ಬೆಳಕು ಹೆಚ್ಚಾಯಿತೆಂದು ಕಡಿಮೆ ಮಾಡುತ್ತದೆ, ಕಪ್ಪು ದೃಶ್ಯ ಕಂಡರೆ ಏರಿಸುತ್ತದೆ. ದೋಷ ಯಂತ್ರದ್ದಲ್ಲ. ಮೀಟರ್ ಆರಿಸಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್ ಎಕ್ಸ್‌ಪೋಷರ್ ಕಾಂಪೆನ್ಸೇಷನ್. ಅದನ್ನು ಹಿಮಕ್ಕೆ +1ರಿಂದ +2, ದಟ್ಟ ಮಂಜಿಗೆ ಸುಮಾರು +1, ಕತ್ತಲ ಕಾಡಿನ ನಡುವೆ ಬಿಸಿಲು ಬಿದ್ದ ಹಕ್ಕಿಗೆ −1 ಇಟ್ಟು ನೋಡಿ. ಎಲ್ಲ ಚಿತ್ರಗಳೂ ಒಂದೇ ಪ್ರಮಾಣದಲ್ಲಿ ಕಪ್ಪು ಅಥವಾ ಬಿಳಿಯಾಗುತ್ತಿದ್ದರೆ ನಿನ್ನೆ ಇಟ್ಟ ಕಾಂಪೆನ್ಸೇಷನ್ ಹಾಗೆಯೇ ಉಳಿದಿರಬಹುದು.

ಪರದೆಯನ್ನು ನಂಬಬೇಡಿ. ರಾತ್ರಿ ಕತ್ತಲಲ್ಲಿ ಮಂಕು ಚಿತ್ರವೂ ಹೊಳೆಯುತ್ತದೆ, ಮಧ್ಯಾಹ್ನ ಒಳ್ಳೆಯ ಚಿತ್ರವೂ ಕಪ್ಪಾಗಿ ಕಾಣುತ್ತದೆ. ಹಿಸ್ಟೋಗ್ರಾಂ ನೋಡಿ: ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ, ನಡುವೆ ಯಾವ ಮಟ್ಟದ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ ಅದು. ರಾಶಿ ಬಲಗೋಡೆಗೆ ಒತ್ತಿಕೊಂಡಿದ್ದರೆ ಆಕಾಶದ ವಿವರ ಹೋಗಿದೆ, ಅದು ಮರಳಿ ಸಿಗುವುದಿಲ್ಲ.

ಸೂರ್ಯೋದಯದಲ್ಲಿ ಆಕಾಶ ಸರಿಹೋದರೆ ನೆಲ ಕಪ್ಪಾಗುವುದು ಸಹಜ. ಆಕಾಶಕ್ಕೆ ಹೊಂದಿಸಿ ರಾ ಫೈಲಿನಲ್ಲಿ (ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಫೈಲ್) ತೆಗೆಯಿರಿ, ನೆರಳಿನ ಭಾಗವನ್ನು ಆಮೇಲೆ ಎತ್ತಿಕೊಳ್ಳಬಹುದು. ಕನ್ನಡಿಯಿರುವ ಕ್ಯಾಮೆರಾದ ವ್ಯೂಫೈಂಡರ್ ಮೂಲಕ ಸೂರ್ಯನನ್ನು ನೋಡಲೇಬೇಡಿ. ಅಕ್ಷಿಪಟಲ ಸುಡುವಾಗ ನೋವು ತಿಳಿಯುವುದಿಲ್ಲ.

ಬಣ್ಣ ವಿಚಿತ್ರವಾಗಿದೆ

ಮರದ ನೆರಳಲ್ಲಿ ಮುಖಗಳು ನೀಲಿ ಛಾಯೆಯಲ್ಲಿದ್ದರೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಸೆಟ್ಟಿಂಗ್) ಅನ್ನು ಶೇಡ್‌ಗೆ, ಅಂದರೆ ನೆರಳಿಗೆ, ಇಡಿ. ರಾ ಫೈಲಿನಲ್ಲಿ ತೆಗೆದಿದ್ದರೆ ಚಿಂತೆ ಬೇಡ, ಆಮೇಲೆ ಸರಿಪಡಿಸಬಹುದು. ಅಗಲ ಲೆನ್ಸಿನ ಚಿತ್ರದಲ್ಲಿ ಆಕಾಶ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ತಿಳಿಯಾಗಿದ್ದರೆ ಕಾರಣ ಪೋಲರೈಸರ್ ಫಿಲ್ಟರ್ (ಪ್ರತಿಫಲನ ತಗ್ಗಿಸಿ ಆಕಾಶವನ್ನು ಗಾಢವಾಗಿಸುವ ಗಾಜು). ಸೂರ್ಯನಿಗೆ 90 ಡಿಗ್ರಿ ಕೋನದಲ್ಲಿರುವ ಆಕಾಶದ ಮೇಲಷ್ಟೇ ಅದರ ಪರಿಣಾಮ ಗರಿಷ್ಠ. ಅಂಥ ಕಡೆ ಅದನ್ನು ತೆಗೆದುಬಿಡಿ. ಒದ್ದೆ ಎಲೆಗಳ ಹೊಳಪು ತೆಗೆಯಲು ಮಾತ್ರ ಅದಕ್ಕೆ ಸಾಟಿಯಿಲ್ಲ.

ನಕ್ಷತ್ರಗಳು ಗೆರೆಯಾಗಿವೆ ಅಥವಾ ಉಂಡೆಯಾಗಿವೆ

ಚಿಕ್ಕ ಗೆರೆಗಳಾಗಿದ್ದರೆ ಶಟರ್ ಹೆಚ್ಚು ಹೊತ್ತು ತೆರೆದಿತ್ತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತಿದೆ. 500ನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಸೆಕೆಂಡಿನ ಮಿತಿ ಸಿಗುತ್ತದೆ: ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 20 ಮಿ.ಮೀ. ಲೆನ್ಸಿಗೆ 25 ಸೆಕೆಂಡ್, 1.5 ಕ್ರಾಪ್ ಆದರೆ ಸುಮಾರು 16. ಮೆಗಾಪಿಕ್ಸೆಲ್ ಹೆಚ್ಚಿರುವ ಸೆನ್ಸರಿಗೆ 500ರ ಬದಲು 300 ಇಟ್ಟುಕೊಂಡರೆ ಒಳ್ಳೆಯದು.

ದುಂಡಗೆ ಊದಿಕೊಂಡಿದ್ದರೆ ಫೋಕಸ್ ತಪ್ಪಿದೆ. ಲೆನ್ಸ್ ಮೇಲಿನ ಅನಂತದ ಗುರುತು ನಿಖರವಾಗಿರುವುದಿಲ್ಲ. ಮ್ಯಾನುವಲ್‌ಗೆ ಹಾಕಿ, ಲೈವ್ ವ್ಯೂನಲ್ಲಿ (ದೃಶ್ಯವನ್ನು ಪರದೆಯ ಮೇಲೆ ನೇರವಾಗಿ ತೋರಿಸುವ ಸ್ಥಿತಿ) ಪ್ರಕಾಶಮಾನವಾದ ನಕ್ಷತ್ರವನ್ನು ಹಿಗ್ಗಿಸಿ, ಅದು ಅತಿ ಚಿಕ್ಕ ಚುಕ್ಕಿಯಾಗುವವರೆಗೆ ರಿಂಗ್ ತಿರುಗಿಸಿ, ಆ ಜಾಗದಲ್ಲಿ ಟೇಪ್ ಅಂಟಿಸಿ.

30 ಸೆಕೆಂಡಿನ ಚಿತ್ರದ ನಂತರ ಕ್ಯಾಮೆರಾ ಸ್ತಬ್ಧವಾಗಿ ಇನ್ನೂ 30 ಸೆಕೆಂಡ್ ಏನೂ ಮಾಡದಿದ್ದರೆ ಅದು ಕೆಟ್ಟಿಲ್ಲ, ದೀರ್ಘ ಎಕ್ಸ್‌ಪೋಷರಿನ ಕಾಳುಕಾಳನ್ನು ತಗ್ಗಿಸುವ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಕೆಲಸ ಮಾಡುತ್ತಿದೆ. ಬ್ಯಾಟರಿ ಕಿತ್ತರೆ ಆ ಚಿತ್ರ ಹೋಯಿತು. ಬೇಡವಾದರೆ ಮೆನುವಿನಲ್ಲಿ ಆಫ್ ಮಾಡಿ.

ಬ್ಯಾಟರಿ ಬೇಗ ಮುಗಿಯುತ್ತಿದೆ

ಚಳಿಯಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಒಳಗಿನ ಪ್ರತಿರೋಧ ಹೆಚ್ಚುತ್ತದೆ, ಚಾರ್ಜ್ ಇದ್ದರೂ ಖಾಲಿಯೆಂದು ತೋರಿಸುತ್ತದೆ. ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟು ಸ್ವಲ್ಪ ಹೊತ್ತಿನ ನಂತರ ಹಾಕಿ. ಜೀವ ಬಂದರೆ ಚಳಿಯದೇ ಕೆಲಸ. ಎರಡು ಬ್ಯಾಟರಿ ಇಟ್ಟುಕೊಂಡು ಸರದಿಯಂತೆ ಬಳಸಿ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಳ್ಳಿ. ಚಳಿಯಿಲ್ಲದೆಯೂ ಖಾಲಿಯಾಗುತ್ತಿದ್ದರೆ ವೈಫೈ, ಬ್ಲೂಟೂತ್, ಜಿಪಿಎಸ್ ಆಫ್ ಮಾಡಿ.

0 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವಾಗ ಚಾರ್ಜ್ ಮಾಡಬೇಡಿ, ಒಳಗೆ ಶಾಶ್ವತ ಹಾನಿಯಾಗುತ್ತದೆ. ಊದಿಕೊಂಡ, ವಿಪರೀತ ಬಿಸಿಯಾದ, ವಾಸನೆ ಬರುವ ಬ್ಯಾಟರಿಯನ್ನು ಟೆಂಟಿನಿಂದ ದೂರ, ಒಣಹುಲ್ಲಿಲ್ಲದ ಕಲ್ಲುನೆಲದ ಮೇಲಿಡಿ. ಮತ್ತೆ ಬಳಸುವ ಮಾತೇ ಇಲ್ಲ.

ಬಿಸಿಲಲ್ಲಿ ಫೋನ್ ತಾಪಮಾನದ ಎಚ್ಚರಿಕೆ ಕೊಟ್ಟು ಕ್ಯಾಮೆರಾ ಮುಚ್ಚಿದರೆ ಕವರ್ ತೆಗೆದು ನೆರಳಲ್ಲಿಡಿ. ಐಸ್ ಪೆಟ್ಟಿಗೆಗೆ ಹಾಕಿದರೆ ಒಳಗೆ ನೀರು ಕಟ್ಟುತ್ತದೆ.

ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಚುಕ್ಕೆ

ಸೆನ್ಸರ್ ಮೇಲೆ ದೂಳು ಕೂತಿದೆ. ಖಾತ್ರಿಗೆ ಅಪರ್ಚರ್ ಕಿರಿದು ಮಾಡಿ, ಎಫ್/16 ಅಥವಾ ಎಫ್/22ರಲ್ಲಿ ಬರಿಯ ಆಕಾಶ ತೆಗೆಯಿರಿ, ಕಪ್ಪು ಚುಕ್ಕೆಗಳು ಎದ್ದು ಕಾಣುತ್ತವೆ. ಅಪರ್ಚರ್ ಹಿಗ್ಗಿಸಿದರೆ ಅವು ಮಾಸುತ್ತವೆ, ಪ್ರವಾಸ ಮುಗಿಯುವ ತನಕ ಹಾಗೆಯೇ ನಿಭಾಯಿಸಿ. ಗಾಳಿಯಿಲ್ಲದ ಕಡೆ, ಮೆನುವಿನ ಕ್ಲೀನಿಂಗ್ ಆಯ್ಕೆಯಲ್ಲಿ, ಕ್ಯಾಮೆರಾದ ಮುಖ ಕೆಳಗೆ ಮಾಡಿ ಬ್ಲೋಯರ್ ಊದಬಹುದು. ಬಾಯಿಂದ ಊದಬಾರದು, ಬಟ್ಟೆ ತಾಗಿಸಬಾರದು. ಹೋಗದಿದ್ದರೆ ಬಿಟ್ಟುಬಿಡಿ. ಮತ್ತೊಂದು ಮಾತು: ಜೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಮರಳು ಹೊಕ್ಕಿದೆ. ಒಂದು ಸುತ್ತೂ ಹೆಚ್ಚು ತಿರುಗಿಸಬೇಡಿ.

ಕಾರ್ಡ್ ಎರರ್ ಬಂತು

ಕ್ಯಾಮೆರಾ ಆಫ್ ಮಾಡಿ, ಕಾರ್ಡ್ ತೆಗೆದು ಅದರ ಬದಿಯ ಲಾಕ್ ಗುಂಡಿ ಸರಿದಿದೆಯೇ ನೋಡಿ, ಲೋಹದ ಪಟ್ಟಿಗಳನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಹಾಕಿ. ಮತ್ತೆ ಅದೇ ಸಂದೇಶ ಬಂದರೆ ಆ ಕಾರ್ಡ್ ಬದಿಗಿಡಿ. ಫಾರ್ಮ್ಯಾಟ್ ಮಾಡಲು ಕ್ಯಾಮೆರಾ ಕೇಳಿದರೂ ಒಪ್ಪಬೇಡಿ, ಅದರಲ್ಲಿ ಇನ್ನೊಂದು ಚಿತ್ರವನ್ನೂ ತೆಗೆಯಬೇಡಿ. ಹಳೆಯ ಚಿತ್ರಗಳ ಮೇಲೆ ಹೊಸದು ಬರೆಯದಿದ್ದರೆ ಕಂಪ್ಯೂಟರಿನಲ್ಲಿ ಮರಳಿ ಪಡೆಯುವ ಅವಕಾಶ ಚೆನ್ನಾಗಿರುತ್ತದೆ.

ಕ್ಯಾಮೆರಾ ಬದಿಗಿಟ್ಟು ಹೊರಡಬೇಕಾದಾಗ

ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ. ಬೆಟ್ಟದ ನೆತ್ತಿ, ಬಯಲು, ಒಂಟಿ ಮರದ ಅಡಿ ಬಿಟ್ಟು ಕಟ್ಟಡಕ್ಕೋ ಮುಚ್ಚಿದ ಕಾರಿಗೋ ಹೋಗಿ. ಟೆಂಟ್ ರಕ್ಷಣೆ ಕೊಡುವುದಿಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಹೊಳೆಯಲ್ಲಿ ನಿಂತು ತೆಗೆಯುವಾಗ ನೀರು ಒಮ್ಮೆಲೇ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಮೇಲೆ ಮಳೆಯಾಗಿದೆ. ಟ್ರೈಪಾಡ್ ಬಿಟ್ಟಾದರೂ ದಡ ಹತ್ತಿ. ಪ್ರಾಣಿ ಮೇಯುವುದನ್ನು ನಿಲ್ಲಿಸಿ ನಿಮ್ಮನ್ನೇ ನೋಡತೊಡಗಿದರೆ ನೀವು ಆಗಲೇ ಹತ್ತಿರ ಬಂದಿದ್ದೀರಿ, ಮೆಲ್ಲನೆ ಹಿಂದೆ ಸರಿಯಿರಿ. ಗೂಡಿನಿಂದ ಹಕ್ಕಿ ಎದ್ದುಹೋದರೂ ಹಾಗೆಯೇ. ತಾಯಿ ದೂರವಿದ್ದಷ್ಟು ಹೊತ್ತು ಮೊಟ್ಟೆ ತಣ್ಣಗಾಗುತ್ತಿರುತ್ತದೆ, ಯಾವ ಚಿತ್ರಕ್ಕೂ ಅಷ್ಟು ಬೆಲೆ ಕೊಡಬಾರದು.

ಕ್ಯಾಮೆರಾ ನೀರಿಗೆ ಬಿತ್ತು

ಆನ್ ಮಾಡಿ ಪರೀಕ್ಷಿಸುವ ಆಸೆಯನ್ನು ತಡೆಯಿರಿ. ಒಳಗೆ ನೀರಿರುವಾಗ ಕರೆಂಟ್ ಹರಿದರೆ ಒಣಗಿಸಿ ಉಳಿಸಬಹುದಾಗಿದ್ದ ಸರ್ಕ್ಯೂಟ್ ಸುಟ್ಟುಹೋಗುತ್ತದೆ. ಆಫ್ ಮಾಡಿ, ಬ್ಯಾಟರಿ ಕಾರ್ಡ್ ತೆಗೆಯಿರಿ, ಹೊರಮೈ ಒರೆಸಿ, ಮುಚ್ಚಳಗಳನ್ನು ತೆರೆದು ನೆರಳಲ್ಲಿ ಗಾಳಿಗಿಡಿ, ಆಮೇಲೆ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ಕನಿಷ್ಠ ಎರಡು ದಿನ. ಅಕ್ಕಿಯಲ್ಲಿ ಹೂತಿಟ್ಟರೆ ಅದರ ಪುಡಿ ಸಂದುಗಳಿಗೆ ಸೇರುತ್ತದೆ, ಬೇಡ. ಸಮುದ್ರದ ನೀರಾದರೆ ಒಣಗುವವರೆಗೂ ಕಾಯಬೇಡಿ. ಉಪ್ಪು ಲೋಹವನ್ನು ಆಗಿನಿಂದಲೇ ತಿನ್ನತೊಡಗುತ್ತದೆ, ಆದಷ್ಟು ಬೇಗ ಸರ್ವಿಸ್‌ಗೆ ತಲುಪಿಸಿ.

ಸರ್ವಿಸ್‌ಗೆ ಕೊಡುವಾಗ ಯಾವ ನೀರು, ಎಷ್ಟು ಹೊತ್ತು, ಆನ್ ಮಾಡಿದ್ದಿರೋ ಇಲ್ಲವೋ ಎಂಬುದನ್ನು ಮುಚ್ಚಿಡದೆ ಹೇಳಿ. ಬೇರೆ ದೋಷವಾದರೆ ಅದು ಸ್ಪಷ್ಟವಾಗಿ ಕಾಣುವ ಒಂದೆರಡು ಚಿತ್ರಗಳ ಮೂಲ ಫೈಲನ್ನು ಜೊತೆಗೆ ಕೊಡಿ. ಅದರಲ್ಲಿ ಶಟರ್ ಸ್ಪೀಡ್, ಅಪರ್ಚರ್, ಲೆನ್ಸ್ ವಿವರ ಎಲ್ಲವೂ ದಾಖಲಾಗಿರುತ್ತದೆ. ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಆ ವಿವರ ಬಹುತೇಕ ಅಳಿಸಿಹೋಗಿರುತ್ತದೆ.